ಮಾದೇವತ್ತೆಯ ಕೈಗುಣ ಮತ್ತು ಬಿಳಿ ಮೊಲಗಳು

ನಮ್ಮ ಮನೆಯಲ್ಲಿ ಯಾವುದೂ ಹಾಳಾಗುವಂತಿರಲಿಲ್ಲ. ಅಕ್ಕಿ ತೊಳೆದ ನೀರು ಕರುವಿಗೆ, ಮೀನು ತೊಳೆದ ನೀರು ತೆಂಗಿನ ಬುಡಕ್ಕೆ, ಒಲೆಯ ಬೂದಿ ಪಾತ್ರೆ ತಿಕ್ಕಲಿಕ್ಕೆ, ತಿಕ್ಕಿ ಉಳಿದದ್ದು ಬದನೆ ಗಿಡಕ್ಕೆ. ಸೌತೆಕಾಯಿಯ ತಿರುಳು ಸಾರಿಗೆ ಹೋದರೆ ಸಿಪ್ಪೆ ಚಟ್ನಿಯಾಗುತ್ತಿತ್ತು, ಬೀಜ ಬೂದಿಯಲ್ಲಿ ಹೊರಳಿ ಗೋಡೆಗೆ ಅಂಟಿಕೊಂಡು ಮುಂದಿನ ವರ್ಷಕ್ಕೆ ಕಾಯುತ್ತಿತ್ತು. ತಲೆ ಬಾಚಿದಾಗ ಉದುರಿದ ಕೂದಲನ್ನು ಸಹ ಅಜ್ಜಿ ಉಂಡೆ ಸುತ್ತಿ ಗೋಡೆಯ ಸಂದಿಯಲ್ಲಿ ಸಿಕ್ಕಿಸುತ್ತಿದ್ದಳು, ಚೌರಿಗೆ ಬೇಕಂತೆ. ಅವಳ ತಲೆಯಲ್ಲಿ ಆಗ ಉಳಿದದ್ದೇ ಒಂದು ಚಿಟಿಕೆ. ಚೌರಿ ಯಾರಿಗೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಕುಮಟೆಯಿಂದ ಬಾಡದ ಕಡೆಗೆ ಹೋಗುವ ದಾರಿಯಲ್ಲಿ, ಸಮುದ್ರದ ಸದ್ದು ಕೇಳುವ ಮರಳು ನೆಲದಲ್ಲಿ ನಮ್ಮ ಮನೆ. ಮುಂದೆ ಒಂದು ತುಂಡು ಭತ್ತದ ಗದ್ದೆ, ಹಿಂದೆ ತರಕಾರಿ ಹಿತ್ತಲು. ಈರುಳ್ಳಿ, ಹರಿವೆ ಸೊಪ್ಪು, ಬದನೆ, ಮೂಲಂಗಿ ಬೆಳೆದು ಅಪ್ಪ ಕುಮಟೆ ಪೇಟೆಗೆ ಹೊತ್ತು ಮಾರುತ್ತಿದ್ದ. ಮನೆಗೆ ಜಗಲಿ, ನಡುಮನೆ, ಅಡುಗೆಮನೆ, ಮತ್ತೆ ಕಿಟಕಿಯಿಲ್ಲದ ಒಂದು ಮೂಲೆಕೋಣೆ. ಆ ಕೋಣೆಯಲ್ಲಿ ಎರಡಕ್ಕೆ ಮಾತ್ರ ಜಾಗ: ಬಿತ್ತನೆಯ ಭತ್ತಕ್ಕೆ ಮತ್ತು ಬಾಣಂತಿಗೆ. ನಾನು ಹುಟ್ಟಿದ್ದೂ ಅಲ್ಲೇ. ಅದರ ಹೊಸಿಲನ್ನು ಯಾರು ದಾಟಬಹುದು, ಯಾರು ದಾಟಬಾರದು ಎಂಬುದನ್ನು ಅಜ್ಜಿಯೇ ಹೇಳುತ್ತಿದ್ದಳು.

ದಾಟಬಾರದವಳು ಒಬ್ಬಳೇ. ಅವಳು ಅಪ್ಪನ ತಂಗಿ, ನನ್ನ ಮಾದೇವತ್ತೆ. ಅವಳನ್ನು ಭಟ್ಕಳದ ಹತ್ತಿರ ಕೊಟ್ಟಿದ್ದರು. ಮೂರು ಹೆತ್ತಳು, ಮೂರೂ ತೊಟ್ಟಿಲಲ್ಲೇ ಹೋದವು. ಮೂರನೆಯದು ಹೋದ ಮೇಲೆ ಅವಳ ಗಂಡನ ಮನೆಯವರು "ನಾಲ್ಕು ದಿನ ತವರಲ್ಲಿ ಇದ್ದು ಬಾ" ಎಂದು ಕಳಿಸಿದರು. ಕರೆದುಕೊಂಡು ಹೋಗಲು ಮಾತ್ರ ಯಾರೂ ಬರಲಿಲ್ಲ. ನನಗೆ ಆಗ ಎಂಟೋ ಒಂಬತ್ತೋ ವರ್ಷ. ಒಂದು ಬೇಸಿಗೆಯ ಮಧ್ಯಾಹ್ನ ತಲೆಯ ಮೇಲೆ ಬಟ್ಟೆಯ ಗಂಟು, ಸೊಂಟದಲ್ಲಿ ಮುಚ್ಚಳ ಕಟ್ಟಿದ ಒಂದು ಬುಟ್ಟಿ ಇಟ್ಟುಕೊಂಡು ಅವಳು ಅಂಗಳಕ್ಕೆ ಬಂದದ್ದು ನನ್ನ ಕಣ್ಣಿಗೆ ಈಗಲೂ ಕಟ್ಟಿದ ಹಾಗಿದೆ. ಅಜ್ಜಿ ಮಗಳ ಮುಖ ನೋಡುವುದಕ್ಕಿಂತ ಮೊದಲು ಬುಟ್ಟಿ ನೋಡಿದಳು.

"ಎಂತದೇ ಬುಟ್ಟೀಲಿ? ಕೋಳಿಯಾ?"

"ಅಲ್ಲ ಅವ್ವಿ. ಮೊಲ. ಬೀಬಿ ಕೊಟ್ಟದ್ದು."

"ಅಯ್ಯಯ್ಯೋ! ಕಣ್ಣು ನೋಡೇ ಅದರದ್ದು, ಕೆಂಡದ ಹಾಗೆ! ಇದು ಹಾಲು ಕೊಡ್ತದಾ, ಮೊಟ್ಟೆ ಇಡ್ತದಾ? ಎಂತಕ್ಕೆ ಬೇಕಿತ್ತು ಮಾರಾಯ್ತಿ ನಮ್ಗೆ?"

ಜಗಲಿಯಲ್ಲಿ ಕೂತಿದ್ದ ಅಪ್ಪ ಮೆಲ್ಲಗೆ ಹೇಳಿದ, "ಹಿಕ್ಕೆ ಹಾಕ್ತದೆ ಅವ್ವಿ. ತರಕಾರಿಗೆ ಅದು ಒಳ್ಳೇ ಗೊಬ್ಬರ ಅಂತ್ರು."

"ಗೊಬ್ಬರವಾ?" ಅಜ್ಜಿ ಇನ್ನೊಮ್ಮೆ ಬಗ್ಗಿ ನೋಡಿದಳು. "ಆತು. ಹಂಗಾರೆ ಇರ್ಲಿ."

ಹೀಗೆ ಆ ಎರಡು ಬಿಳಿ ಮೊಲಗಳಿಗೆ ನಮ್ಮ ಮನೆಯಲ್ಲಿ ನೆಲೆ ಸಿಕ್ಕಿತು. ಅತ್ತೆಗೂ ಸಿಕ್ಕಿತು ಅನ್ನಿ. ಬೀಬಿ ಎಂದರೆ ಭಟ್ಕಳದ ಒಂದು ನವಾಯತ ಮುಸ್ಲಿಮರ ಮನೆಯ ಹಿರಿಯಾಕೆ. ಅತ್ತೆ ದಿನಾ ಮಲ್ಲಿಗೆ ದಂಡೆ ಕಟ್ಟಿ ಅವರ ಮನೆಗೆ ಕೊಟ್ಟು ಬರುತ್ತಿದ್ದಳು. ಮೂರನೆಯ ಮಗು ತೀರಿಕೊಂಡ ವಾರ ಬೀಬಿ "ಬರಿಗೈಯಲ್ಲಿ ತವರಿಗೆ ಹೋಗಬೇಡ ಬೇಟಿ" ಎಂದು ಅತ್ತೆಯ ಮಡಿಲಿಗೆ ಈ ಜೋಡಿಯನ್ನು ಹಾಕಿದ್ದರು. ಅತ್ತೆ ಅವನ್ನು ತಂದು ನನ್ನ ಮಡಿಲಿಗೆ ಹಾಕಿದಳು. ಅಪ್ಪ ಹಳೆಯ ಕೋಳಿಗೂಡನ್ನು ಹಿತ್ತಲ ಬಾಗಿಲ ಪಕ್ಕಕ್ಕೆ ಎಳೆದುಕೊಟ್ಟ. ಅದಕ್ಕೆ ಮಣ್ಣಿನ ನೆಲ. ಅಜ್ಜಿ ದಿನಾ ಬೆಳಗ್ಗೆ ಅಂಗಳ ಸಾರಿಸುವಾಗ ಅದರ ನೆಲಕ್ಕೂ ಒಂದು ಕೈ ಸಗಣಿ ನೀರು ಎಳೆಯುತ್ತಿದ್ದಳು. ಅಂಗಳ ಶುದ್ಧವಿದ್ದು ಗೂಡು ಹೊಲಸಿದ್ದರೆ ಅವಳಿಗೆ ನಿದ್ದೆ ಬಾರದು.

ಕೈಗುಣದ ವಿಷಯ ಇಲ್ಲಿ ಹೇಳಬೇಕು. ಅಜ್ಜಿಯ ಲೆಕ್ಕದಲ್ಲಿ ಲೋಕದಲ್ಲಿ ಎರಡೇ ಕೈ: ನೆಟ್ಟದ್ದು ಹತ್ತುವ ಕೈ, ನೆಟ್ಟದ್ದು ಒಣಗುವ ಕೈ. ತರಕಾರಿ ಬೆಳೆಯುವ ನಮ್ಮಂಥವರ ಮನೆಯಲ್ಲಿ ಇದು ಸಣ್ಣ ಮಾತಲ್ಲ. ಬೀಜ ಬಿತ್ತುವುದು ಅಜ್ಜಿ, ಸಸಿ ನೆಡುವುದು ನನ್ನನ್ನು ಹೆತ್ತ ಅವ್ವಿ. ಅತ್ತೆ ಮಾತ್ರ ಬೀಜ ಮುಟ್ಟುವಂತಿರಲಿಲ್ಲ, ಹಾಲಿಗೆ ಹೆಪ್ಪು ಹಾಕುವಂತಿರಲಿಲ್ಲ, ಉಪ್ಪಿನಕಾಯಿ ಭರಣಿಗೆ ಕೈಯಿಕ್ಕುವಂತಿರಲಿಲ್ಲ, ಎಳೆಗರುವಿನ ಮೈ ಸವರುವಂತಿರಲಿಲ್ಲ. ನೀರು ಹೊರುವುದು, ಭತ್ತ ಕುಟ್ಟುವುದು, ಗೊಬ್ಬರ ಹೊರುವುದು, ಇದಕ್ಕೆಲ್ಲ ಅವಳ ಕೈ ಆಗುತ್ತಿತ್ತು! ಅಜ್ಜಿ ಕೆಟ್ಟವಳಲ್ಲ. ಮಗಳ ತಟ್ಟೆಗೆ ಮೀನಿನ ದೊಡ್ಡ ತುಂಡನ್ನೇ ಹಾಕುತ್ತಿದ್ದಳು. ಆದರೆ ಹಾಕುತ್ತಲೇ "ಅದರ ಕೈಗುಣ ಸಮಾ ಇಲ್ಲ, ಎಂತ ಮಾಡೂದು" ಎಂದು ಪಕ್ಕದ ಮನೆಯವಳಿಗೆ ಹೇಳುತ್ತಿದ್ದಳು. ಅತ್ತೆ ತಲೆ ತಗ್ಗಿಸಿ ಮುಳ್ಳು ಬಿಡಿಸುತ್ತಿದ್ದಳು. ಮೊಲಗಳನ್ನು ಮುಟ್ಟಬೇಡ ಎಂದು ಮಾತ್ರ ಯಾರೂ ಹೇಳಲಿಲ್ಲ. ಸಂಜೆ ಹಿತ್ತಲ ಮೆಟ್ಟಿಲಲ್ಲಿ ಅವನ್ನು ಮಡಿಲಲ್ಲಿಟ್ಟುಕೊಂಡು ಅವಳು ಮೆಲುದನಿಯಲ್ಲಿ ತೊಟ್ಟಿಲ ಹಾಡು ಹಾಡುತ್ತಿದ್ದಳು. ನಾನು ಅವಳ ಬೆನ್ನಿಗೆ ಒರಗಿ ಕೂರುತ್ತಿದ್ದೆ. ಬೆನ್ನೊಳಗೆ ಹಾಡು ಗುಂಯ್‌ಗುಡುವುದು ನನ್ನ ಕಿವಿಗೆ ಕೇಳುತ್ತಿತ್ತು.

ಮೊಲಗಳ ಊಟ-ಉಪಚಾರವೆಲ್ಲ ನನ್ನದೇ ಕಾರುಬಾರು. ಅಜ್ಜಿಯ ಮೊಮ್ಮಗಳಲ್ಲವೇ, ನಾನೂ ಯಾವುದನ್ನೂ ಹಾಳು ಮಾಡಲಿಲ್ಲ. ಕಾಳುಮೆಣಸಿನ ಹಾಗೆ ಉರುಟುರುಟಾದ ಹಿಕ್ಕೆಯನ್ನು ಗೂಡಿನ ಮೂಲೆಗೆ ಗುಡಿಸಿ ಗುಪ್ಪೆ ಹಾಕುತ್ತಿದ್ದೆ. ನಾಲ್ಕೈದು ದಿನಕ್ಕೊಮ್ಮೆ ಅದನ್ನು ತೆಂಗಿನ ಗರಟೆಯಲ್ಲಿ ತುಂಬಿ ಹರಿವೆಯ ಸಾಲಿಗೆ ಚೆಲ್ಲುತ್ತಿದ್ದೆ. ಆ ಸಾಲಿನ ಹರಿವೆ ಕೆಂಪಗೆ ಸೊಕ್ಕಿ ಬೆಳೆಯಿತು. ಅದರ ಎಳೆ ಎಲೆ ಕಿತ್ತು, ನೀರಲ್ಲಿ ಅದ್ದಿ, ತಣ್ಣಗೆ ಹನಿ ತೊಟ್ಟಿಕ್ಕುತ್ತಿರುವಾಗಲೇ ಮೊಲಗಳಿಗೆ ಇಡುತ್ತಿದ್ದೆ. ಮೊಲದ್ದು ಹರಿವೆಗೆ, ಹರಿವೆಯದು ಮೊಲಕ್ಕೆ. ಅಪ್ಪ ಎಲ್ಲರೆದುರು "ನಮ್ಮ ಗಂಗೆ ಅಜ್ಜಿಗಿಂತ ಹುಷಾರಿ" ಎಂದು ಹೊಗಳಿದ. ನಾನು ಉಬ್ಬಿಹೋದೆ.

ಆಷಾಢದ ಹೊತ್ತಿಗೆ ಹೆಣ್ಣು ಮೊಲ ತನ್ನದೇ ಮೈಯ ತುಪ್ಪಳ ಕಿತ್ತು ಹಾಸಿ ಆರು ಮರಿ ಹಾಕಿತು. ಆರೂ ಕಣ್ಣು ಬಿಟ್ಟವು, ತಾಯಿಯ ಹಿಂದೆ ಕುಪ್ಪಳಿಸಿದವು, ಹರಿವೆ ಮೆಲ್ಲಲು ಕಲಿತವು. ಕಲಿತ ಕೆಲವೇ ದಿನಗಳಲ್ಲಿ ಒಂದೊಂದಾಗಿ ಮುದುಡಿದವು. ಬೆನ್ನೆಲುಬು ಕೈಗೆ ಚುಚ್ಚುತ್ತಿತ್ತು, ಹೊಟ್ಟೆ ಮಾತ್ರ ಉಬ್ಬಿ ಬಿಗಿದಿತ್ತು, ಹಿಂಭಾಗವೆಲ್ಲ ಭೇದಿಯಿಂದ ಒದ್ದೆ. ಅತ್ತೆ ಅವನ್ನು ಬಟ್ಟೆಯಲ್ಲಿ ಸುತ್ತಿ ಒಲೆಯ ಬಳಿ ಬೆಚ್ಚಗೆ ಇಟ್ಟಳು, ಬೆರಳ ತುದಿಯಿಂದ ಗಂಜಿ ತಿಳಿ ನೆಕ್ಕಿಸಿದಳು. ನಾನು ಇನ್ನಷ್ಟು ಹರಿವೆ ತಂದು ಸುರಿದೆ. ಐದು ಹೋದವು. ಆರನೆಯದಕ್ಕೆ ಹಣೆಯ ಮೇಲೆ ಬೂದು ಬೊಟ್ಟಿತ್ತು, ಅದು ನನ್ನ ಪ್ರಾಣ. ಒಂದು ಬೆಳಗ್ಗೆ ನಾನು ಎದ್ದು ಬರುವಷ್ಟರಲ್ಲಿ ಅದು ಅತ್ತೆಯ ಮಡಿಲಲ್ಲಿ ತಲೆ ಚೆಲ್ಲಿತ್ತು. ನನಗೆ ಎಲ್ಲಿಂದ ಬಂತೋ ಆ ಮಾತು. ಮನೆಯ ಗಾಳಿಯಲ್ಲೇ ಇತ್ತಲ್ಲ, ಅಲ್ಲಿಂದಲೇ ಬಂದಿರಬೇಕು.

"ನೀ ಮುಟ್ಟಿದ್ದಕ್ಕೇ ಸತ್ತದ್ದು! ನಿನ್ನ ಕೈ ಸಮಾ ಇಲ್ಲ! ನೀ ಮುಟ್ಟಿದ್ದೆಲ್ಲ ಸಾಯ್ತದೆ!"

ಅಡುಗೆಮನೆಯಲ್ಲಿ ಅಜ್ಜಿ ಇದ್ದಳು, ಅವ್ವಿ ಇದ್ದಳು. ಯಾರೂ ನನ್ನ ಬಾಯಿಗೆ ಹೊಡೆಯಲಿಲ್ಲ. ಹೊಡೆಯಬೇಕಿತ್ತು. ಅತ್ತೆ ನನ್ನನ್ನು ನೋಡಿದಳು. ಸಿಟ್ಟಿನಿಂದಲ್ಲ. ತನಗೇ ಇದ್ದ ಒಂದು ಅನುಮಾನವನ್ನು ಬೇರೆಯವರೂ ಹೇಳಿದಾಗ ಮನುಷ್ಯರು ನೋಡುತ್ತಾರಲ್ಲ, ಹಾಗೆ.

"ಹೌದೇನೋ ಮಗಾ," ಅಂದಳು.

ಅಂದಿನಿಂದ ಅವಳು ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡೇ ಓಡಾಡತೊಡಗಿದಳು. ಹಾಡು ನಿಂತಿತು. ಗೂಡಿನ ಬಳಿ ಸುಳಿಯಲಿಲ್ಲ. ಅವ್ವಿ ಆಗ ಬಸುರಿ. ದೀಪಾವಳಿ ಕಳೆದ ಮೇಲೆ ದಿನ ತುಂಬುವುದಿತ್ತು. ನನ್ನ ಹಿಂದೆ ಹುಟ್ಟಿದ ಎರಡು ಕೂಸು ಉಳಿಯದೆ ಇದು ಮೂರನೆಯದು. ಅದುವರೆಗೆ ಊದಿದ ಕಾಲನ್ನು ಅತ್ತೆಯಿಂದಲೇ ತಿಕ್ಕಿಸಿಕೊಳ್ಳುತ್ತಿದ್ದಳು, ಬಾಣಂತನಕ್ಕೆ ಅವಳೇ ಇರಲಿ ಎಂಬ ಆಸೆ ಅವ್ವಿಗೆ. ಅಜ್ಜಿ ಒಂದು ರಾತ್ರಿಯ ಊಟದಲ್ಲಿ, ಗಂಜಿ ಬಡಿಸುತ್ತಲೇ ತೀರ್ಮಾನ ಹೇಳಿಬಿಟ್ಟಳು. ಚೌತಿ ಮುಗಿದ ಕೂಡಲೇ ಮಾದೇವಿ ಗಂಡನ ಮನೆಗೆ ಹೋಗಬೇಕು, ಕೂಸು ಹುಟ್ಟಿ ವರ್ಷ ತುಂಬುವವರೆಗೆ ಈ ಕಡೆ ಬರಬಾರದು.

"ಅವರು ಕರೀಲಿಲ್ಲ ಅವ್ವಿ," ಅಂದ ಅಪ್ಪ.

"ಕರೀದಿದ್ರೆ ಎಂತ? ಕೊಟ್ಟ ಮನೆ ಅದು. ಸಣ್ಣ ಕೂಸಿನ ಬಾಯಲ್ಲೇ ಬಂತಲ್ಲ ಮಾತು! ದೇವ್ರು ಆಡ್ಸಿದ್ದು."

ದೇವರು! ಆಡಿದ್ದು ನಾನು. ನಾನು ಗಂಜಿಯ ತಟ್ಟೆ ದೂಡಿದೆ. ಅವ್ವಿ ಸೆರಗು ಬಾಯಿಗಿಟ್ಟುಕೊಂಡಳು. ಅತ್ತೆ ಎದ್ದು ನನ್ನ ತಟ್ಟೆಯನ್ನೂ ತೆಗೆದುಕೊಂಡು ತೊಳೆಯಲು ಹೋದಳು.

ಚೌತಿಗೆ ಇನ್ನೂ ಕೆಲವು ದಿನ ಇರುವಾಗ ಎತ್ತಿನ ಗೊರಸಿಗೆ ಹುಣ್ಣಾಯಿತು. ಔಷಧ ತರಲು ಅಪ್ಪ ಕುಮಟೆಯ ದನದ ಆಸ್ಪತ್ರೆಗೆ ಹೊರಟಾಗ ತಾಯಿಮೊಲವನ್ನು ಬುಟ್ಟಿಯಲ್ಲಿಟ್ಟುಕೊಂಡು ನಾನೂ ಹಿಂದೆ ಬಿದ್ದೆ. ಅದೂ ಸೊರಗುತ್ತಿತ್ತು. ಅಲ್ಲಿಗೆ ಹೊಸದಾಗಿ ಬಂದಿದ್ದ ಡಾಕ್ಟರು ಮೈಸೂರು ಕಡೆಯವರು, ಎಲೆಯಡಿಕೆ ಹಾಕುತ್ತ ನಿಧಾನವಾಗಿ ಮಾತಾಡುವವರು. ನನ್ನನ್ನು "ಪುಟ್ಟಮ್ಮ" ಎಂದರು. ನನ್ನ ಹೆಸರು ಗಂಗೆ ಎಂದೆ. "ಆಗಲಿ ಗಂಗಮ್ಮನವರೇ" ಎಂದು ನಕ್ಕರು. ಮೊಲದ ಹೊಟ್ಟೆ ಒತ್ತಿ ನೋಡಿದರು, ಬುಟ್ಟಿಯ ತಳದಲ್ಲಿದ್ದ ಹಿಕ್ಕೆ ಆರಿಸಿ ಕಲ್ಲಿನಲ್ಲಿ ಅರೆದರು. ಗಟ್ಟಿ ಉಪ್ಪುನೀರಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ಸಣ್ಣ ಶೀಸೆಯಲ್ಲಿ ತುಂಬಿ ಇಟ್ಟರು. ಉಪ್ಪುನೀರಲ್ಲಿ ಕಸ ಮುಳುಗುತ್ತದೆ, ಬೇಕಾದದ್ದು ತೇಲುತ್ತದೆ ಎಂದರು. ಸಾಣಿಕಟ್ಟೆಯ ಉಪ್ಪು ತಂದು ಮಾವಿನಮಿಡಿಗೆ ನೀರು ಹದ ಮಾಡುವ ಮನೆಯವಳು ನಾನು, ನನಗೆ ಅದು ಕೂಡಲೇ ಅರ್ಥವಾಯಿತು. ಆಮೇಲೆ ಮೇಲೆ ತೇಲಿದ್ದರ ಒಂದು ಹನಿಯನ್ನು ಗಾಜಿನ ತುಂಡಿನ ಮೇಲಿಟ್ಟು, ಹಿತ್ತಾಳೆಯ ಒಂದು ಕೊಳವೆಗೆ ಕಣ್ಣಿಡಲು ಹೇಳಿದರು. ಮೊದಲು ನನ್ನ ರೆಪ್ಪೆಯೇ ಕಂಡಿತು. ಆಮೇಲೆ, ಬೆಂದ ಸಬ್ಬಕ್ಕಿಯಂತೆ ಮೊಟ್ಟೆಯಾಕಾರದ ತಿಳಿ ಕಾಳುಗಳು, ಒಂದೊಂದರ ನಡುವೆಯೂ ಒಂದು ಉಂಡೆ. ಒಂದಲ್ಲ, ಎರಡಲ್ಲ, ರಾಶಿ ರಾಶಿ.

"ಇವು ಕರುಳಲ್ಲಿ ಸೇರಿಕೊಂಡು ಬದುಕುವ ಕ್ರಿಮಿಯ ಮೊಟ್ಟೆಗಳ ಹಾಗೆ ಅಂದುಕೊಳ್ಳಮ್ಮ. ಮರಿಗಳನ್ನು ಕೊಂದದ್ದು ಇವೇ."

"ಅಲ್ಲ. ಅತ್ತೆ ಮುಟ್ಟಿದ್ದಕ್ಕೆ ಸತ್ತದ್ದು."

ಅಪ್ಪ ತಲೆ ತಗ್ಗಿಸಿದ. ಡಾಕ್ಟರು ಎಲೆಯಡಿಕೆ ಉಗುಳಿ ಬಂದು ನನ್ನ ಎದುರು ಕುಕ್ಕರಗಾಲಲ್ಲಿ ಕೂತರು. ಸಣ್ಣವಳ ಮಾತು ಎಂದು ತಳ್ಳಿಹಾಕದ ಆ ಮನುಷ್ಯನಿಗೆ ನಾನು ಇಂದಿಗೂ ಕೈ ಮುಗಿಯುತ್ತೇನೆ.

"ಇರಬಹುದು. ಹೇಗೆ ಗೊತ್ತಾಗಬೇಕು? ಬೇರೆ ಮನೆಗಳಲ್ಲಿ ಮೊಲ ಇವೆಯಾ? ನಿಮ್ಮತ್ತೆ ಮುಟ್ಟದ ಮೊಲ? ಅವುಗಳ ಹಿಕ್ಕೆ ತಂದುಕೊಡು. ಒಂದೊಂದು ಮನೆಯದು ಒಂದೊಂದು ಪೊಟ್ಟಣ. ಎಷ್ಟು ಮನೆಯಲ್ಲಿ ಇದು ಇದೆ ಅಂತ ನನಗೂ ನೋಡಬೇಕು."

ಆ ವರ್ಷಗಳಲ್ಲಿ ಮುಂಬಯಿಯಿಂದ ರಜೆಗೆ ಬಂದವರು ಮೊಲ ತಂದು ಹಂಚುವ ಹುಚ್ಚೊಂದು ಹಬ್ಬಿತ್ತು. ನಮ್ಮ ಮಾಸ್ತರರ ಮನೆಯಲ್ಲಿ ಇತ್ತು, ಅಕ್ಕಿ ಗಿರಣಿಯ ಪಕ್ಕದ ಮನೆಯಲ್ಲಿ ಇತ್ತು, ಹೊನ್ನಾವರದಲ್ಲಿ ಲಾಂಚು ಹತ್ತುವ ಧಕ್ಕೆಯ ಬಳಿ ಊರವರು ಬಾಯಿ ಎಂದು ಕರೆಯುವ ಒಬ್ಬ ಕೊಂಕಣಿ ಹೆಂಗಸಿನ ಮನೆಯಲ್ಲೂ ಇತ್ತು. ಬಾಳೆ ಎಲೆಯ ಪೊಟ್ಟಣ, ಬಾಳೆ ನಾರಿನ ಕಟ್ಟು, ಒಳಗೆ ಪೆನ್ಸಿಲಿನಲ್ಲಿ ಮನೆಯ ಹೆಸರು ಬರೆದ ಚೀಟಿ. ಮಾಸ್ತರರ ಹೆಂಡತಿ "ಹಿಕ್ಕೆ ಬೇಡೂಕೆ ಬಂದವ್ಳು ನೀನೊಬ್ಳೇ ಕಾಣೇ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೆ ಮರಿಗಳು ಎಲ್ಲಿ ಎಂದು ಕೇಳಿದಾಗ ಅವರ ನಗು ಆರಿತು. ಅಲ್ಲಿಯೂ ಮರಿ ಉಳಿಯುತ್ತಿರಲಿಲ್ಲ. ಗಿರಣಿ ಪಕ್ಕದ ಮನೆಯಲ್ಲೂ ಅದೇ ಕತೆ.

ಚೌತಿ ಮುಗಿಯಿತು. ಅತ್ತೆಯನ್ನು ಬಿಟ್ಟು ಬರಲು ಅಪ್ಪ ಹೊರಟ. ನಾನೂ ಬರುತ್ತೇನೆ ಎಂದು ಹಠ ಹಿಡಿದೆ. ಹೊನ್ನಾವರದ್ದೂ ಭಟ್ಕಳದ್ದೂ ಪೊಟ್ಟಣ ಬಾಕಿ ಇದ್ದವು. ಬಸ್ಸಿನಲ್ಲಿ ಅತ್ತೆ ನನ್ನ ಪಕ್ಕ ಕೂತಳು, ಆದರೆ ನಡುವೆ ಒಂದು ಗೇಣು ಜಾಗ ಬಿಟ್ಟು. ತಿರುವಿನಲ್ಲಿ ನಾನು ವಾಲಿದಾಗ ಹಿಡಿಯಲು ಕೈ ತೆಗೆದವಳು ತಟ್ಟನೆ ಒಳಗೆಳೆದುಕೊಂಡಳು. ಹೊನ್ನಾವರದ ಬಾಯಿ ಗೂಡು ತೋರಿಸುತ್ತ, "ಮರಿ ಉಳೀತೇ ಇಲ್ಲ ಗೋ, ಯಾರ ದೃಷ್ಟಿಯೋ ಏನೋ" ಎಂದಳು. ನಾನು ಹಿಕ್ಕೆ ಆರಿಸುವಾಗ ಅತ್ತೆ ಅಂಗಳದ ತುದಿಯಲ್ಲಿ ನಿಂತಿದ್ದಳು. ಹತ್ತಿರವೇ ಬರಲಿಲ್ಲ. ಲಾಂಚಿನಲ್ಲಿ ಶರಾವತಿ ದಾಟುವಾಗ ನಾನು ಲೆಕ್ಕ ಹಾಕಿದೆ. ಮಾಸ್ತರರ ಮೊಲವನ್ನು ಅತ್ತೆ ಮುಟ್ಟಿರಲಿಲ್ಲ. ಗಿರಣಿಯವರದ್ದನ್ನೂ ಮುಟ್ಟಿರಲಿಲ್ಲ. ಈ ಬಾಯಿಯ ಮನೆಗೆ ಅವಳು ಕಾಲಿಟ್ಟದ್ದೇ ಇಂದು. ಮತ್ತೆ ಇವೆಲ್ಲ ಎಂತಕ್ಕೆ ಸತ್ತವು? ನಾನು ಲಾಂಚಿನ ಅಂಚಿಗೆ ತಲೆ ಆನಿಸಿ ಕೂತೆ. ಲಾಂಚಿನ ಕುಲುಕಾಟಕ್ಕೆ ಎಂದು ಅಪ್ಪ ಲಿಂಬೆಹಣ್ಣು ಮೂಸಿಸಿದ.

ಭಟ್ಕಳದಲ್ಲಿ ಅತ್ತೆ ಮೊದಲು ಬೀಬಿಯ ಮನೆಗೇ ಕರೆದುಕೊಂಡು ಹೋದಳು. ಅಪ್ಪ ಹೊರಗಿನ ಕಟ್ಟೆಯಲ್ಲಿ ಕೂತ, ನಾವಿಬ್ಬರು ಒಳಗೆ. ಒಳಂಗಳದಲ್ಲಿ ಎದೆಯೆತ್ತರದ ಕಂಬಗಳ ಮೇಲೆ ಮರದ ಪಟ್ಟಿ ಹೊಡೆದ ಗೂಡು. ಪಟ್ಟಿಗಳ ನಡುವಿನ ಸಂದಿಯಿಂದ ಹಿಕ್ಕೆ ಉದುರಿ ಕೆಳಗಿನ ತಗಡಿನ ಮೇಲೆ ಬೀಳುತ್ತಿತ್ತು, ದಿನಾ ಬೆಳಗ್ಗೆ ಅದನ್ನು ಎತ್ತಿ ಹೊರಗೆ ಹಾಕುತ್ತಿದ್ದರು. ಒಳಗೆ ಎಂಟೋ ಒಂಬತ್ತೋ ಮರಿ, ಒಂದಕ್ಕಿಂತ ಒಂದು ಗುಂಡಗೆ. ಬೀಬಿ ಅದರಲ್ಲೊಂದನ್ನು ತೆಗೆದು ಅತ್ತೆಯ ಕಡೆ ಚಾಚಿದರು. ಅತ್ತೆ ಹಿಂದೆ ಸರಿದಳು.

"ಬೇಡ ಬೀಬಿ. ನನ್ನ ಕೈ ಆಗೂದಿಲ್ಲ. ಮುಟ್ಟಿದ್ದೆಲ್ಲ ಹೋಗ್ತದೆ."

"ಯಾರು ಹೇಳಿದ್ದು?"

ಅತ್ತೆ ನನ್ನ ಕಡೆ ನೋಡಲಿಲ್ಲ. ಅದನ್ನು ನಾನು ಮರೆಯುವುದಿಲ್ಲ. ಹೆಸರು ಹೇಳಬಹುದಿತ್ತು; ಹೇಳಲಿಲ್ಲ. ಬೀಬಿಗೆ ಸಿಟ್ಟು ಬಂತು.

"ಹೂವು ತರೋವಾಗ ದಿನಾ ಈ ಗೂಡಿಗೆ ಹುಲ್ಲು ಹಾಕಿದ್ದು ಯಾರು? ಇವುಗಳ ಅಮ್ಮನ್ನ ಸಾಕಿದ್ದು ಯಾರು? ನೀನೇ ಅಲ್ವಾ? ನಿನ್ನ ಕೈಯಿಂದ ನನ್ನ ಮನೇಲಿ ಒಂದು ಸತ್ತಿದ್ದು ತೋರಿಸು ನೋಡುವಾ! ಹಿಡಿ ಹೇಳ್ತೇನೆ!"

ಅತ್ತೆ ಹಿಡಿಯಲಿಲ್ಲ. ಗೋಡೆಗೆ ಒರಗಿ ಅತ್ತಳು. ನಾನು ಪೊಟ್ಟಣ ಕಟ್ಟಿದೆ, ಚೀಟಿಯಲ್ಲಿ "ಬೀಬಿ ಮನೆ, ಅತ್ತೆ ಮುಟ್ಟಿದ್ದು" ಎಂದು ಬರೆದೆ. ಸಂಜೆ ಅವಳನ್ನು ಗಂಡನ ಮನೆಯ ಬೇಲಿಯ ದಣಪೆಯವರೆಗೆ ಬಿಟ್ಟೆವು. ಅವಳ ಗಂಡನ ತಾಯಿ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಮಾದೇವತ್ತೆ ಗಂಟು ಹೊತ್ತು ಒಳಗೆ ಹೋಗಿ ಪೊರಕೆ ಹಿಡಿದಳು.

ಡಾಕ್ಟರು ಎಲ್ಲ ಪೊಟ್ಟಣಗಳನ್ನು ಒಂದೊಂದಾಗಿ ನೋಡಿದರು, ನನಗೂ ತೋರಿಸಿದರು. ಮಾಸ್ತರರದ್ದರಲ್ಲಿ ಸಬ್ಬಕ್ಕಿ. ಗಿರಣಿಯವರದ್ದರಲ್ಲಿ ಸಬ್ಬಕ್ಕಿ, ಜೊತೆಗೆ ಬೇರೆ ಹುಳದ ಮೊಟ್ಟೆ. ಹೊನ್ನಾವರದ್ದರಲ್ಲಿ ಕಣ್ಣು ತುಂಬುವಷ್ಟು. ಬೀಬಿಯ ಮನೆಯದರಲ್ಲಿ ಎಷ್ಟು ಹುಡುಕಿದರೂ ಒಂದೋ ಎರಡೋ. ದೊಡ್ಡ ಮೊಲಗಳ ಕರುಳಲ್ಲಿ ಅಷ್ಟಿಷ್ಟು ಇರುವುದೇ, ಅವು ತಾಳಿಕೊಳ್ಳುತ್ತವೆ ಎಂದರು. ಹಿಕ್ಕೆ ಒದ್ದೆ ನೆಲದಲ್ಲಿ ಎರಡು ದಿನ ಬಿದ್ದಿತೋ, ಆ ಮೊಟ್ಟೆಗೆ ವಿಷ ಏರುತ್ತದೆ. ಆಮೇಲೆ ಅದು ಸೊಪ್ಪಿಗೆ ಅಂಟಿ ಮರಿಯ ಬಾಯಿಗೆ ಹೋದರೆ ಮುಗಿಯಿತು.

"ಮೊಲಕ್ಕೆ ಸೊಪ್ಪು ಎಲ್ಲಿಂದ ತರ್ತೀಯಮ್ಮ?"

ನಾನು ಹೆಮ್ಮೆಯಿಂದಲೇ ಶುರುಮಾಡಿದೆ. ಗುಪ್ಪೆ, ಗರಟೆ, ಹರಿವೆ ಸಾಲು, ನೀರಲ್ಲಿ ಅದ್ದುವುದು. ಹೇಳುತ್ತ ಹೇಳುತ್ತ ನನ್ನ ಬಾಯಿ ನಿಧಾನವಾಯಿತು. ಆರು ಮರಿಗಳಿಗೆ ನನ್ನ ಕೈಯಾರೆ, ತೊಳೆದು, ಎಳೆಯದನ್ನೇ ಆರಿಸಿ, ರೋಗವನ್ನು ತಿನ್ನಿಸಿದವಳು ನಾನು. ಆಸ್ಪತ್ರೆಯ ಜಗಲಿಯಲ್ಲಿ ಕೂತು ಗೋಳೋ ಎಂದು ಅತ್ತುಬಿಟ್ಟೆ. ಡಾಕ್ಟರು ಅಪ್ಪನ ಕೈಗೆ ಔಷಧದ ಪುಡಿ ಕೊಟ್ಟು, ನನ್ನ ತಲೆ ಮುಟ್ಟಿ, "ನಿನ್ನ ಕೈಯೂ ಕೆಟ್ಟದ್ದಲ್ಲ, ಗಂಗಮ್ಮ. ಗೊತ್ತಿರಲಿಲ್ಲ, ಅಷ್ಟೇ. ಈಗ ಗೊತ್ತಾಯ್ತಲ್ಲ" ಎಂದರು.

ಮನೆಗೆ ಬಂದು ಎಲ್ಲರೆದುರು ಹೇಳಿದೆ. ಮರಿ ಸತ್ತದ್ದು ನನ್ನಿಂದ, ಅತ್ತೆಯಿಂದಲ್ಲ. ಅಜ್ಜಿ ಬೀಸುವ ಕಲ್ಲು ನಿಲ್ಲಿಸದೆ ಕೇಳಿದಳು.

"ಕಣ್ಣಿಗೆ ಕಾಣದ ಹುಳ ಅಂತೆ! ಡಾಕ್ಟ್ರಿಗೆ ಎಂತ, ಹೇಳ್ತ್ರು. ನಾ ಕೈ ನೋಡ್ದವಳು."

ಆಗ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅದೂ ಅಜ್ಜಿಯಿಂದಲೇ ಬಂದದ್ದು. "ನಮ್ಮ ಒಂದು ಸಾಲು ಬದನೆ ಒಣಗಿದ್ರೆ ಎಂತ ಅಂತೀ ಅಜ್ಜಿ?"

"ನೆಟ್ಟವಳ ಕೈ ಅಂತೇನೆ."

"ಊರ ಬದನೆ ಎಲ್ಲ ಒಣಗಿದ್ರೆ?"

"ರೋಗ ಬಂದದ್ದು ಅಂತೇನೆ. ಊರಿಗೆಲ್ಲ ಒಬ್ಬಳೇ ನೆಟ್ಟದ್ದಾ?"

"ಊರ ಮೊಲದ ಮರಿ ಎಲ್ಲ ಸತ್ತದೆ ಅಜ್ಜಿ. ಕುಮಟೇಲಿ, ಹೊನ್ನಾವರದಲ್ಲಿ. ಅತ್ತೆ ಮುಟ್ಟಿದ ಮನೇಲಿ ಮಾತ್ರ ಉಳದದೆ."

ಬೀಸುವ ಕಲ್ಲು ನಿಂತಿತು. ಅಜ್ಜಿ ಏನೂ ಆಗದವಳಂತೆ ಹಿಟ್ಟು ಬಾಚಿದಳು. "ಈ ಸಲದ ಮರಿ ನಲ್ವತ್ತು ದಿನ ದಾಟ್ಲಿ. ಆಮೇಲೆ ಕಾಂಬ," ಅಂದಳು. ಅಷ್ಟು ಅಂದದ್ದೇ ದೊಡ್ಡದು.

ಅಪ್ಪ ಅಡಿಕೆ ದಬ್ಬೆ ಸೀಳಿ ಕಂಬದ ಮೇಲೆ ಹೊಸ ಗೂಡು ಕಟ್ಟಿದ, ನಾನು ಹೇಳಿಕೊಟ್ಟಂತೆ, ಭಟ್ಕಳದ್ದರ ಹಾಗೆಯೇ. ಸಗಣಿ ನೀರು ಅಲ್ಲಿಗೆ ಬಂದ್. ಹಿಕ್ಕೆಯನ್ನು ದಿನಾ ಬೆಳಗ್ಗೆ ಎತ್ತಿ ದೂರದ ತೆಂಗಿನ ಬುಡದಲ್ಲಿ ಹೂಳುತ್ತಿದ್ದೆ. ಹಾಗಾಗಿ ಅದು ಹಾಳಾಯಿತು ಎಂದು ಅಜ್ಜಿ ಗೊಣಗುವಂತಿರಲಿಲ್ಲ. ಹರಿವೆ ಸಾಲಿನ ಒಂದೆಲೆಯನ್ನೂ ಕೊಡಲಿಲ್ಲ, ಗುಡ್ಡದ ಹುಲ್ಲು ತಂದು ಬಿಸಿಲಿಗೆ ಬಾಡಿಸಿ ಹಾಕಿದೆ. ಪುಡಿ ಕಲಸಿದ ನೀರು ಕುಡಿದು ತಾಯಿಮೊಲ ಚೇತರಿಸಿತು, ನವರಾತ್ರಿಯ ಹೊತ್ತಿಗೆ ಐದು ಮರಿ ಹಾಕಿತು. ಅಜ್ಜಿ ತನಗದು ಬೇಡವೆನ್ನುತ್ತಲೇ ದಿನಾ ಒಮ್ಮೆ ಅತ್ತ ಹೋಗಿ ಲೆಕ್ಕ ಮಾಡಿ ಬರುತ್ತಿದ್ದಳು. ಇಪ್ಪತ್ತು ದಿನ, ಐದು. ಮೂವತ್ತು ದಿನ, ಐದು. ಒಂದು ದಿನ ಒಂದು ಮರಿ ಕಾಣದೆ ಅವಳೇ ಗೂಡಿನ ಹಿಂದೆ ಮಂಡಿಯೂರಿ "ಬಾರಾ, ಬಾರಾ" ಎಂದು ಕರೆದದ್ದನ್ನು ಕಂಡೆ. ತಾಯಿಯ ಹೊಟ್ಟೆಯಡಿ ಮಲಗಿತ್ತು. ನಲವತ್ತನೆಯ ದಿನ ಐದೂ ಹುಲ್ಲು ಮೆಲ್ಲುತ್ತಿದ್ದವು. ಮರುದಿನ ಬೆಳಗ್ಗೆ ಅಜ್ಜಿ ತನ್ನ ಒಳ್ಳೆಯ ಸೀರೆ ಉಟ್ಟು, ಯಾರನ್ನೂ ಜೊತೆಗೆ ಕರೆಯದೆ, ಜನ್ಮದಲ್ಲಿ ಮೊದಲ ಬಾರಿಗೆ ಒಬ್ಬಳೇ ಬಸ್ಸು ಹತ್ತಿದಳು. ಅವಳು ವಾಪಸು ಬಂದದ್ದು ಮಗಳ ಜೊತೆ. ಅಲ್ಲಿ ಏನು ಮಾತಾಯಿತೋ ಇಬ್ಬರೂ ಹೇಳಲಿಲ್ಲ.

ಮುಂದೆ ನಾನು ಮೂವತ್ತು ವರ್ಷ ಶಾಲೆಯಲ್ಲಿ ವಿಜ್ಞಾನ ಕಲಿಸಿದೆ. ಸೂಕ್ಷ್ಮದರ್ಶಕಕ್ಕೆ ಮೊದಲ ಸಲ ಕಣ್ಣಿಟ್ಟ ಪ್ರತಿ ಮಗುವೂ ತನ್ನ ರೆಪ್ಪೆಯನ್ನೇ ನೋಡಿ ಹೆದರುತ್ತಿತ್ತು, ಪ್ರತಿ ಸಲವೂ ನನಗೆ ಆ ಉಪ್ಪುನೀರಿನ ಶೀಸೆ ನೆನಪಾಗುತ್ತಿತ್ತು. ಒಬ್ಬರ ಮೇಲೆ ತಪ್ಪು ಹೊರಿಸುವ ಮೊದಲು ಪಕ್ಕದ ಮನೆಗಳಲ್ಲಿ ಏನಾಗಿದೆ ನೋಡಿಕೊಂಡು ಬಾ ಎಂದು ಕಲಿಸಿದ ಆ ಡಾಕ್ಟರಿಗೆ, ಸಿಟ್ಟಿನಿಂದಲೇ ಸತ್ಯ ಹೇಳಿದ ಬೀಬಿಗೆ, ಸೋತದ್ದನ್ನು ಬಾಯಲ್ಲಿ ಹೇಳದೆ ಬಸ್ಸು ಹತ್ತಿ ತೋರಿಸಿದ ಅಜ್ಜಿಗೆ ನಾನು ಋಣಿ. ಅತ್ತೆಯ ಋಣದ ಮಾತು ಬೇರೆ. ಅದನ್ನು ತೀರಿಸಲು ನನಗೆ ಸಿಕ್ಕಿದ್ದು ಒಂದೇ ಒಂದು ಗಳಿಗೆ.

ಅತ್ತೆ ಬಂದ ನಾಲ್ಕನೆಯ ದಿನ ಬೆಳಗ್ಗೆ ತಮ್ಮ ಹುಟ್ಟಿದ. ಮೂಲೆಕೋಣೆಯಿಂದ ಅಳು ಕೇಳಿತು. ಅತ್ತೆ ಹೊಸಿಲಿನ ಹೊರಗೆ, ಬಿಸಿನೀರಿನ ಹಂಡೆಯ ಪಕ್ಕದಲ್ಲಿ ನಿಂತಿದ್ದಳು, ಕೈ ಎಂದಿನಂತೆ ಸೆರಗಿನೊಳಗೆ. ನಾನು ಅವಳ ಪಕ್ಕದಲ್ಲಿದ್ದೆ. ಅಜ್ಜಿ ಹಳೆಯ ಸೀರೆಯ ತುಂಡಿನಲ್ಲಿ ಕೂಸನ್ನು ಸುತ್ತಿ ಬಾಗಿಲಿಗೆ ಬಂದಳು.

"ಒಳಗೆ ಬಾರೇ ಮಾದೇವಿ. ಮೊದ್ಲು ನೀ ಹಿಡ್ಕೊ."

ಅತ್ತೆ ಹೊಸಿಲು ದಾಟಲಿಲ್ಲ. ಕೂಸನ್ನು ನೋಡಿದಳು, ಅಜ್ಜಿಯನ್ನು ನೋಡಿದಳು. ಆಮೇಲೆ ತಿರುಗಿ ನನ್ನನ್ನು ನೋಡಿದಳು.

"ಹಿಡ್ಕೊಳ್ಲಾ ಮಗಾ?" ಎಂದು ನನ್ನನ್ನು ಕೇಳಿದಳು.

ಅವಳ ಸೆರಗಿನೊಳಗೆ ನನ್ನ ಎರಡೂ ಕೈ ತೂರಿಸಿ, ಅವಳ ಎರಡೂ ಕೈಗಳನ್ನು ಹಿಡಿದು ಹೊರಗೆ ತೆಗೆದೆ, ಕೂಸಿನ ಕಡೆಗೆ ಚಾಚಿ ಹಿಡಿದೆ. ಅಜ್ಜಿ ನನ್ನ ತಮ್ಮನನ್ನು ಆ ಕೈಗಳ ಮೇಲೆ ಇಟ್ಟಳು.